ಎಳೆ ಹರಿದೊಡನೆ ನಿಲ್ಲುವ ಮಗ್ಗ

ಪಿಯುಸಿ ಫಲಿತಾಂಶ ಬಂದು ಸಿಇಟಿ ಸೀಟು ಹಂಚಿಕೆ ಸಮೀಪಿಸಿತೆಂದರೆ ದಾವಣಗೆರೆಯ ವಿನೋಬನಗರದ ಮನೆಗಳಲ್ಲಿ ಒಂದೇ ಮಾತು: ಯಾವ ಕಾಲೇಜು, ಯಾವ ಬ್ರಾಂಚು? ಮಗನಿಗೆ ಚಿಕ್ಕಂದಿನಿಂದ ಕಾರು, ಬೈಕುಗಳ ಹುಚ್ಚು. ಆದರೆ ಅವನು ಬರೆಯಹೊರಟಿರುವುದು ಕಂಪ್ಯೂಟರ್ ಸೈನ್ಸ್.

"ಕಾರು ಅಂದ್ರೆ ಮೆಕ್ಯಾನಿಕಲ್ ಅಲ್ಲೇನಪ್ಪಾ? ಕಂಪ್ಯೂಟರ್ ಓದಿದೋರಿಗೆ ಅಲ್ಲೇನು ಕೆಲಸ ಐತಿ?" ಎಂದು ತಂದೆ ಕೇಳುತ್ತಾರೆ.

"ಈಗ ಕಾರಿನ ತುಂಬಾ ಸಾಫ್ಟ್‌ವೇರೇ ಐತಿ ಅಪ್ಪಾಜಿ" ಎನ್ನುತ್ತಾನೆ ಮಗ.

ಮಗನ ಮಾತು ಸುಳ್ಳಲ್ಲ. ತಂದೆಯ ಅನುಮಾನವೂ ತಪ್ಪಲ್ಲ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಬಹುತೇಕ ಬೈಕುಗಳಿಂದ ಕಾರ್ಬುರೇಟರ್ ಕಣ್ಮರೆಯಾಯಿತು. ಅದರ ಜಾಗಕ್ಕೆ ಬಂದ ಇಂಧನ ಚಿಮ್ಮಿಸುವ ವ್ಯವಸ್ಥೆಯನ್ನು ನಡೆಸುವುದು ಇಸಿಯು ಎಂಬ ಪುಟ್ಟ ಗಣಕ. ಬ್ರೇಕು ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್‌ನ ಹಿಂದೆಯೂ ಇಂಥದೇ ಗಣಕವಿದೆ. ಇಂದಿನ ಒಂದು ಕಾರಿನಲ್ಲಿ ಇವು ಹತ್ತಾರು. ಅವುಗಳೊಳಗಿನ ತಂತ್ರಾಂಶವನ್ನು ಬರೆಯಲು ಕಂಪ್ಯೂಟರ್ ಓದಿದವರು ಬೇಕು. ಆದರೆ ಬ್ರೇಕು ಎಂದರೇನೆಂದು ತಿಳಿಯದವರು ಬ್ರೇಕಿನ ತಂತ್ರಾಂಶ ಬರೆಯಲಾರರು.

ಹಾಗಾದರೆ ಇಂಥ ತಂತ್ರಾಂಶವನ್ನು ಬರೆಯುವ ಬಗೆ ಹೇಗೆ? ಕಳೆದ ಕೆಲವು ವರ್ಷಗಳಲ್ಲಿ ವಾಹನೋದ್ಯಮದಲ್ಲಿ ದೊಡ್ಡ ಬದಲಾವಣೆ ನಡೆದಿರುವುದು ಇಲ್ಲಿಯೇ. ಅದರಲ್ಲಿ ವಿದ್ಯಾರ್ಥಿಗೂ, ಅವನನ್ನು ಓದಿಸುವ ಮನೆಯವರಿಗೂ ಒಂದು ಪಾಠವಿದೆ.

ಕೊನೆಗೆ ಬರುವ ಪರೀಕ್ಷೆ

ವಾಹನ ಕಂಪನಿಗಳು ಬಹುಕಾಲ ಅನುಸರಿಸಿದ್ದು 'ವಿ' ಮಾದರಿಯನ್ನು. ಇಂಗ್ಲಿಷಿನ ವಿ ಅಕ್ಷರದ ಎಡತೋಳಿನ ಮೇಲಿನಿಂದ ಇಳಿಯಬೇಕು: ಏನು ಬೇಕೆಂದು ಬರೆದಿಡುವುದು, ನಕ್ಷೆ ಹಾಕುವುದು, ಬಿಡಿಭಾಗಗಳನ್ನು ನಿರ್ಧರಿಸುವುದು. ತಳದಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸ. ಆಮೇಲೆ ಬಲತೋಳಿನಲ್ಲಿ ಮೇಲೇರುತ್ತಾ ಒಂದೊಂದೇ ಪರೀಕ್ಷೆ. ಕ್ರಮಬದ್ಧವಾದ ವಿಧಾನವೇ ಸರಿ. ಆದರೆ ಮೊದಲ ತಿಂಗಳಲ್ಲಿ ಆದ ತಪ್ಪು ಎರಡು ವರ್ಷದ ಅನಂತರ, ಕೊನೆಯ ಪರೀಕ್ಷೆಯಲ್ಲಿ ಸಿಕ್ಕಿತೆಂದರೆ? ಅಷ್ಟರಲ್ಲಿ ಆ ತಪ್ಪಿನ ಮೇಲೆ ಹತ್ತಾರು ಜನರ ಕೆಲಸ ನಿಂತಿರುತ್ತದೆ. ತಳಪಾಯದ ಕಲ್ಲು ಸೊಟ್ಟಗಿದೆ ಎಂಬುದು ತಾರಸಿ ಹಾಕುವಾಗ ತಿಳಿದಂತೆ.

ಇದಕ್ಕೆ ಪರ್ಯಾಯವಾಗಿ ಬಂದದ್ದು 'ಅಜೈಲ್', ಅಂದರೆ ಚುರುಕಿನ ಪದ್ಧತಿ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಹದಿನೇಳು ಮಂದಿ ತಂತ್ರಾಂಶ ತಜ್ಞರು ಸೇರಿ ಇದರ ತತ್ವಗಳನ್ನು ಒಂದು ಹೇಳಿಕೆಯಾಗಿ ಬರೆದರು. ದೊಡ್ಡ ಕೆಲಸವನ್ನು ಎರಡು ಮೂರು ವಾರಗಳ ಸಣ್ಣ ತುಂಡುಗಳಾಗಿ ಮಾಡಿಕೊಳ್ಳಬೇಕು; ಪ್ರತಿ ತುಂಡಿನ ಕೊನೆಗೆ ನಡೆಯುವಂಥ ಏನನ್ನಾದರೂ ತೋರಿಸಬೇಕು; ನೋಡಿದವರ ಮಾತು ಕೇಳಿ ಮುಂದಿನ ತುಂಡಿಗೆ ಕೈಹಾಕಬೇಕು.

ಈ ಪದ್ಧತಿಯ ಬೇರುಗಳಲ್ಲಿ ಕೆಲವು ವಾಹನ ಕಾರ್ಖಾನೆಗಳಲ್ಲಿಯೇ ಇದ್ದವು. 1986ರಲ್ಲಿ ಜಪಾನಿನ ಟಕೆಉಚಿ ಮತ್ತು ನೊನಾಕಾ ಎಂಬ ಇಬ್ಬರು ವಿದ್ವಾಂಸರು ಹೋಂಡಾ ಮುಂತಾದ ಕಂಪನಿಗಳ ತಂಡಗಳು ಹೊಸ ಸರಕನ್ನು ರೂಪಿಸುವ ಬಗೆಯನ್ನು ವಿವರಿಸಿದ್ದರು. ಅಜೈಲ್‌ನ ಒಂದು ಮುಖ್ಯ ಕವಲಾದ 'ಸ್ಕ್ರಂ' ಹುಟ್ಟಿದ್ದು ಆ ಬರಹದ ಪ್ರೇರಣೆಯಿಂದ. 'ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್' ಎಂಬ ಇನ್ನೊಂದು ಕವಲು ರೂಪುಗೊಂಡದ್ದು 1990ರ ದಶಕದಲ್ಲಿ ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಯಲ್ಲಿ. ಆದರೆ ಕಾರಿಗಾಗಿ ಅಲ್ಲ, ನೌಕರರ ಸಂಬಳದ ಲೆಕ್ಕಕ್ಕಾಗಿ! ಆ ಯೋಜನೆಯನ್ನು ಕಂಪನಿ 2000ದಲ್ಲಿ ಕೈಬಿಟ್ಟರೂ ಪದ್ಧತಿ ಉಳಿಯಿತು, ಊರೂರು ಸುತ್ತಿತು, ಕಡೆಗೆ ಕಾರಿನೊಳಕ್ಕೂ ಬಂತು.

ಮಗ್ಗ ಕಲಿಸಿದ ಪಾಠ

ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯವರಿಗೆ ಈ ಕತೆಯ ಇನ್ನೊಂದು ಬೇರು ಬೇಗ ಅರ್ಥವಾದೀತು. ಮಗ್ಗದಲ್ಲಿ ಒಂದು ಎಳೆ ಹರಿದದ್ದು ಯಾರಿಗೂ ಕಾಣದೆ ಹೋದರೆ ಗಜಗಟ್ಟಲೆ ಬಟ್ಟೆ ಹಾಳು. ಜಪಾನಿನ ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ಎಳೆ ಹರಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಅದರ ಹಕ್ಕನ್ನು 1929ರಲ್ಲಿ ಕೊಂಡದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಪ್ಲಾಟ್ ಬ್ರದರ್ಸ್ ಕಂಪನಿ. ಸಾಕಿಚಿಯ ಮಗ ಕಿಚಿರೊ ಮುಂದೆ ಕಟ್ಟಿದ್ದೇ ಟೊಯೊಟಾ ಮೋಟಾರ್ ಕಂಪನಿ. ಮಗ್ಗದ ತತ್ವ ಕಾರಿನ ಕಾರ್ಖಾನೆಗೂ ಬಂತು. ಸಾಲಿನಲ್ಲಿ ನಿಂತ ಸಾಮಾನ್ಯ ಕಾರ್ಮಿಕನಿಗೂ ದೋಷ ಕಂಡರೆ ಹಗ್ಗ ಎಳೆದು ಕೆಲಸ ನಿಲ್ಲಿಸುವ ಅಧಿಕಾರ ದೊರೆಯಿತು. ಹಗ್ಗ ಎಳೆದವನನ್ನು ಬೈಯುವಂತಿಲ್ಲ. ಬೈದರೆ ಮುಂದಿನ ಸಲ ಅವನು ದೋಷ ಕಂಡರೂ ಸುಮ್ಮನಿದ್ದುಬಿಡುತ್ತಾನೆ.

ತಂತ್ರಾಂಶದಲ್ಲಿ ಇದೇ ಕೆಲಸ ಮಾಡುವುದು 'ಕಂಟಿನ್ಯುಯಸ್ ಇಂಟಿಗ್ರೇಷನ್', ಅಂದರೆ ನಿರಂತರ ಜೋಡಣೆ. ಬರೆದ ಭಾಗವನ್ನು ಎಂಜಿನಿಯರು ದಿನಕ್ಕೊಮ್ಮೆಯಾದರೂ ಎಲ್ಲರ ಕೆಲಸದೊಡನೆ ಸೇರಿಸಬೇಕು. ಸೇರಿಸಿದೊಡನೆ ಒಂದು ಗಣಕ ಇಡೀ ತಂತ್ರಾಂಶವನ್ನು ಕಟ್ಟಿ, ಮೊದಲೇ ಬರೆದಿಟ್ಟ ಪರೀಕ್ಷೆಗಳನ್ನೆಲ್ಲ ನಡೆಸುತ್ತದೆ. ಒಂದು ತಪ್ಪಿದರೂ ಪರದೆಯ ಮೇಲೆ ಕೆಂಪು ಗುರುತು. ಹೊಸ ಕೆಲಸ ಬದಿಗಿಟ್ಟು ಮೊದಲು ಅದನ್ನು ಸರಿಪಡಿಸಬೇಕು. ಎಳೆ ಹರಿಯಿತು, ಮಗ್ಗ ನಿಂತಿತು.

ಬ್ರೇಕಿಗೆ ಅವಸರ ಸಲ್ಲದು

ಇಲ್ಲಿ ಪೋಷಕರಿಗೆ ಒಂದು ಸಂದೇಹ ಬರುವುದು ಸಹಜ. ಮೊಬೈಲಿನ ಆಪ್ ಕೆಟ್ಟರೆ ಮುಚ್ಚಿ ತೆರೆದರಾಯಿತು. ಬ್ರೇಕು ಕೆಟ್ಟರೆ? ಪ್ರಾಣದ ಪ್ರಶ್ನೆ ಇರುವಲ್ಲಿ ಇಷ್ಟು ಚುರುಕು ಬೇಕೆ?

ಉತ್ತರ 'ಕಂಟಿನ್ಯುಯಸ್ ಡೆಲಿವರಿ' ಎಂಬ ಮಾತಿನ ಅರ್ಥದಲ್ಲಿದೆ. ದಿನವೂ ಗ್ರಾಹಕನಿಗೆ ಹೊಸ ತಂತ್ರಾಂಶ ಕಳಿಸಬೇಕೆಂದು ಅದರ ಅರ್ಥವಲ್ಲ. ಕಳಿಸಬೇಕಾಗಿ ಬಂದರೆ ಎಂದಾದರೂ ಕಳಿಸಬಲ್ಲ ಸ್ಥಿತಿಯಲ್ಲಿ ಅದನ್ನು ಸದಾ ಇಟ್ಟುಕೊಳ್ಳುವುದೇ ಅದರ ಅರ್ಥ. ಕಾರಿನ ವಿಷಯದಲ್ಲಿ ತಂತ್ರಾಂಶ ಹಲವು ಮೆಟ್ಟಿಲು ಹತ್ತಬೇಕು. ಮೊದಲು ಗಣಕದೊಳಗೇ ಪರೀಕ್ಷೆ. ಬಳಿಕ ನಿಜವಾದ ಇಸಿಯುವನ್ನು ಮೇಜಿನ ಮೇಲಿಟ್ಟು, ಇನ್ನೊಂದು ಯಂತ್ರದಿಂದ ಎಂಜಿನ್ನು ಓಡುತ್ತಿರುವಂತೆ, ಮಳೆಯಲ್ಲಿ ರಸ್ತೆ ಜಾರುತ್ತಿರುವಂತೆ ಸುಳ್ಳು ಸಂಕೇತ ಕೊಡುತ್ತಾರೆ. ಇದಕ್ಕೆ 'ಹಾರ್ಡ್‌ವೇರ್ ಇನ್ ದ ಲೂಪ್' ಎಂದು ಹೆಸರು. ರಾತ್ರಿಯಿಡೀ ಯಾರ ಕಾಲೂ ಮುರಿಯದೆ ನೂರಾರು ಅಪಘಾತಗಳನ್ನು ಹೀಗೆ ನಡೆಸಬಹುದು. ಆಮೇಲೆ ಪರೀಕ್ಷಾ ವಾಹನ, ಕಡೆಯಲ್ಲಿ ಅನುಮತಿ.

2011ರಲ್ಲಿ ಬಂದು 2018ರಲ್ಲಿ ಪರಿಷ್ಕೃತವಾದ ಐಎಸ್ಒ 26262 ಎಂಬ ಅಂತರರಾಷ್ಟ್ರೀಯ ಮಾನದಂಡ ವಾಹನದ ಭಾಗಗಳನ್ನು ಅಪಾಯಕ್ಕೆ ತಕ್ಕಂತೆ 'ಎ'ಯಿಂದ 'ಡಿ'ವರೆಗೆ ವಿಂಗಡಿಸುತ್ತದೆ. 'ಡಿ' ಅತಿ ಕಟ್ಟುನಿಟ್ಟು. ಯಾವ ಅಗತ್ಯಕ್ಕೆ ಯಾವ ಸಾಲು ಬರೆಯಲಾಯಿತು, ಯಾವ ಪರೀಕ್ಷೆ ಅದನ್ನು ಒರೆಗೆ ಹಚ್ಚಿತು ಎಂಬ ದಾಖಲೆ ಇರಲೇಬೇಕು. ಅಜೈಲ್ ಎಂದು ಹೇಳಿ ಇದರಿಂದ ಜಾರಿಕೊಳ್ಳುವಂತಿಲ್ಲ. ಜಾಣ ತಂಡಗಳು ಪರೀಕ್ಷೆಯ ಜೊತೆಗೇ ಈ ದಾಖಲೆಯೂ ತಾನಾಗಿ ತಯಾರಾಗುವಂತೆ ಏರ್ಪಾಟು ಮಾಡಿಕೊಳ್ಳುತ್ತವೆ.

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ಇಲ್ಲ. ಆದರೆ ಅಲ್ಲಿ ದುಡಿದ ಹಿರಿಯರು ಇದನ್ನು ಒಂದೇ ಮಾತಿನಲ್ಲಿ ವಿವರಿಸಬಲ್ಲರು. ಲೇತಿನ ಮೇಲೆ ಅಂತಿಮ ಅಳತೆಗೆ ಬರುವಾಗ ಸಣ್ಣ ಕಟ್ ಕೊಡಬೇಕು, ನಿಲ್ಲಿಸಿ ಮೈಕ್ರೋಮೀಟರ್ ಹಿಡಿದು ಅಳೆಯಬೇಕು, ಮತ್ತೆ ಕಟ್ ಕೊಡಬೇಕು. ಹೆಚ್ಚು ಕೆತ್ತಿದ ಲೋಹವನ್ನು ಮರಳಿ ಅಂಟಿಸಲಾಗದು.

ಮನೆ ಮುಂದೆ ನಿಂತೇ ಬದಲಾಗುವ ವಾಹನ

2015ರ ಜುಲೈನಲ್ಲಿ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯೊಂದನ್ನು ದೂರದಿಂದಲೇ ಅಂತರ್ಜಾಲದ ಮೂಲಕ ಹಿಡಿತಕ್ಕೆ ತಂದು ತೋರಿಸಿದರು. ತಯಾರಕ ಕಂಪನಿ 14 ಲಕ್ಷ ವಾಹನಗಳನ್ನು ದೋಷನಿವಾರಣೆಗೆ ಕರೆಯಬೇಕಾಯಿತು. ತಿದ್ದಿದ ತಂತ್ರಾಂಶವನ್ನು ಯುಎಸ್‌ಬಿಯಲ್ಲಿ ತುಂಬಿ ಮಾಲೀಕರಿಗೆ ಅಂಚೆಯಲ್ಲಿ ಕಳಿಸಿತು.

2018ರ ಮೇ ತಿಂಗಳಲ್ಲಿ ನಡೆದದ್ದು ಬೇರೆ ಬಗೆ. ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಯ ಪರೀಕ್ಷೆಯಲ್ಲಿ ಗಂಟೆಗೆ 60 ಮೈಲಿ ವೇಗದ ಟೆಸ್ಲಾ ಮಾಡೆಲ್ 3 ಕಾರು ಬ್ರೇಕು ಹಾಕಿದ ಮೇಲೆ ನಿಲ್ಲಲು 152 ಅಡಿ ತೆಗೆದುಕೊಂಡಿತು. ಕಂಪನಿ ಕೆಲವೇ ದಿನಗಳಲ್ಲಿ ನಿಸ್ತಂತು ಮಾರ್ಗದಿಂದ ಹೊಸ ತಂತ್ರಾಂಶ ಕಳಿಸಿತು. ದೂರ 133 ಅಡಿಗೆ ಇಳಿಯಿತು. ರಸ್ತೆ ದಾಟುತ್ತಿರುವ ಮಗುವಿಗೆ ಆ 19 ಅಡಿ ಜೀವದಷ್ಟೇ ದೊಡ್ಡದು. ಆದರೆ ಒಂದು ವಾರದಲ್ಲಿ ಬ್ರೇಕನ್ನು ಉತ್ತಮಗೊಳಿಸಬಲ್ಲ ಕೈ, ಪರೀಕ್ಷೆ ತಪ್ಪಿಸಿದರೆ ಅಷ್ಟೇ ಬೇಗ ಕೆಡಿಸಲೂಬಲ್ಲದು. ಅದಕ್ಕಾಗಿಯೇ ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ ವಾಹನ ತಂತ್ರಾಂಶ ನವೀಕರಣಕ್ಕೆಂದೇ ರೂಪಿಸಿದ ನಿಯಮ 2021ರ ಜನವರಿಯಲ್ಲಿ ಜಾರಿಗೆ ಬಂತು.

ಇದೆಲ್ಲ ದೂರದ ಮಾತಲ್ಲ. ಬೆಂಗಳೂರಿನಲ್ಲಿ ಮೈಕೋ ಕಾರ್ಖಾನೆಯನ್ನು ಕಟ್ಟಿದ ಬಾಷ್ ಸಮೂಹದ ತಂತ್ರಾಂಶ ಕಂಪನಿಯೂ, 1996ರಲ್ಲಿ ಆರಂಭವಾದ ಮರ್ಸಿಡಿಸ್-ಬೆಂಝ್ ಸಂಶೋಧನಾ ಕೇಂದ್ರವೂ ಅಲ್ಲಿಯೇ ಇವೆ. 2013ರಲ್ಲಿ ಹುಟ್ಟಿದ ಬೆಂಗಳೂರಿನ ಏಥರ್ ಎನರ್ಜಿಯ ವಿದ್ಯುತ್ ಸ್ಕೂಟರುಗಳು ಮನೆ ಮುಂದೆ ನಿಂತೇ ಹೊಸ ತಂತ್ರಾಂಶ ಪಡೆಯುತ್ತವೆ.

ಕಾಲೇಜಿನಲ್ಲಿ, ಮನೆಯಲ್ಲಿ

1951ರಲ್ಲಿ ಆರಂಭವಾದ ಯು.ಬಿ.ಡಿ.ಟಿ., 1979ರಲ್ಲಿ ಆರಂಭವಾದ ಬಿ.ಐ.ಇ.ಟಿ. ಎರಡೂ ದಾವಣಗೆರೆಯಲ್ಲೇ ಇವೆ. ಈ ಕ್ಷೇತ್ರಕ್ಕೆ ಹೋಗಬಯಸುವವರು ಬ್ರಾಂಚು ಯಾವುದಾದರೂ ಸಿ ಭಾಷೆಯನ್ನು ಗಟ್ಟಿಯಾಗಿ ಕಲಿಯಬೇಕು. ಇಸಿಯುಗಳು ಪರಸ್ಪರ ಮಾತಾಡುವ, ಬಾಷ್ 1986ರಲ್ಲಿ ಪ್ರಕಟಿಸಿದ 'ಕ್ಯಾನ್' ಜಾಲದ ಪರಿಚಯವಿರಬೇಕು. ಪರೀಕ್ಷೆಗಳನ್ನು ಬರೆಯಲು ಪೈಥಾನ್ ಉಪಯುಕ್ತ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕೆಲಸದ ರೂಢಿ.

ಕೊನೆಯ ವರ್ಷದ ಪ್ರಾಜೆಕ್ಟನ್ನು ಕೊನೆಯ ಹದಿನೈದು ದಿನದಲ್ಲಿ ಹೇಗೋ ಮುಗಿಸುವುದು, ದುಡ್ಡು ಕೊಟ್ಟು ಕೊಳ್ಳುವುದು ಎಷ್ಟೋ ಕಡೆ ಮಾಮೂಲಾಗಿದೆ. ಬದಲಿಗೆ ಮೊದಲ ವಾರವೇ ಒಂದು ದೀಪ ಹೊತ್ತಿಸಿ ಆರಿಸುವಷ್ಟಾದರೂ ಮಾಡಿ ಮೇಷ್ಟ್ರಿಗೆ ತೋರಿಸಬಹುದು. ದಿನದ ಕೆಲಸವನ್ನು 'ಗಿಟ್'ನಲ್ಲಿ ಸೇರಿಸುತ್ತಾ ಹೋಗಬಹುದು. ಎಲ್ಲಿ ತಪ್ಪಿತು, ಹೇಗೆ ತಿದ್ದಿದ್ದು ಎಂಬ ಚರಿತ್ರೆ ಅದರಲ್ಲಿ ಉಳಿಯುತ್ತದೆ. ಸಂದರ್ಶನದಲ್ಲಿ ಕೊಂಡ ಪ್ರಾಜೆಕ್ಟು ಎರಡು ಪ್ರಶ್ನೆಗೆ ಬಯಲಾದೀತು. ತಿದ್ದಿದ ಚರಿತ್ರೆ ಇರುವವನು ಅರ್ಧ ಗಂಟೆ ಮಾತಾಡಬಲ್ಲ.

ಮನೆಯವರ ಪಾಲೂ ಇದರಲ್ಲಿದೆ. ಮೊದಲ ಸೆಮಿಸ್ಟರಿನಲ್ಲಿ ಉಳಿದ ಒಂದು ವಿಷಯವನ್ನು ಬೈಗುಳದ ಭಯಕ್ಕೆ ಮುಚ್ಚಿಟ್ಟು, ನಾಲ್ಕನೆಯ ವರ್ಷದಲ್ಲಿ ಅದು ಆರೇಳಾಗಿ ಹೊರಬೀಳುವ ಮನೆಗಳು ಕಡಿಮೆಯಲ್ಲ. ಅಲ್ಲಿ ಎಳೆ ಹರಿದದ್ದು ಎಂದೋ. ಮಗ್ಗ ಮಾತ್ರ ನಿಲ್ಲಲಿಲ್ಲ. ವಿನೋಬನಗರದ ಆ ತಂದೆ, ಮಗ ಯಾವ ಬ್ರಾಂಚಿಗೆ ಸೇರಿದರೂ, ವರ್ಷದ ಕೊನೆಗೆ "ಎಷ್ಟು ಮಾರ್ಕ್ಸ್ ಬಂತು?" ಎಂದು ಕೇಳುವ ಬದಲು ವಾರಕ್ಕೊಮ್ಮೆ "ಈ ವಾರ ಎಲ್ಲಿ ತಡವರಿಸಿದೆಪ್ಪಾ?" ಎಂದು ಕೇಳಿದರೆ ಸಾಕು. ಉತ್ತರ ಹೇಳಿದ ಮಗನನ್ನು ಬೈಯದಿರುವುದು ಮಾತ್ರ ಅವರ ಪರೀಕ್ಷೆ.