ಗೃಹವಾರ್ತೆ: ಮನೆಯ ಕಾವಲಿಗೆ ಗಿಡ್ಡ ಕೋವಿ

ಮನೆಯ ಭದ್ರತೆಯ ವಿಷಯವಾಗಿ ಬರೆಯುವಾಗ ಬೀಗ, ಚಿಲಕ, ನಾಯಿ, ನೆರೆಯವರು ಎಂಬ ನಾಲ್ಕನ್ನು ದಾಟಿ ಹೋಗುವ ಪ್ರಸಂಗವು ನಮಗೆ ಸಾಮಾನ್ಯವಾಗಿ ಒದಗುವುದಿಲ್ಲ. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರ ಸಂಖ್ಯೆಯು ಈಗ ಅಲ್ಪವಾದುದಲ್ಲ. ಅಲ್ಲಿ ಮೀನಿನ ಗಾಳ, ಡೇರೆಯ ಬಟ್ಟೆ ಮೊದಲಾದುವನ್ನು ಮಾರುವ ಅಂಗಡಿಯಲ್ಲಿಯೇ ಕೋವಿಯೂ ದೊರೆಯುವುದುಂಟು. ಅಕ್ಕಪಕ್ಕದವರು ಇಟ್ಟುಕೊಂಡಿರುವುದನ್ನು ನೋಡಿ, ನಾವೂ ಒಂದನ್ನು ಕೊಂಡರೆ ಹೇಗೆ ಎಂಬ ಯೋಚನೆಯು ಗೃಹಸ್ಥರಿಗೆ ಹುಟ್ಟುವುದು ಸಹಜ. ಗೃಹಿಣಿಯರಿಗೆ ಅದೇ ಮಾತಿನಿಂದ ನಿದ್ರೆ ಕೆಡುವುದೂ ಅಷ್ಟೇ ಸಹಜ. ಆದುದರಿಂದ ಇಂಥ ಮನೆಗಳಿಗೆಂದು ಹೆಚ್ಚಾಗಿ ಮಾರಲ್ಪಡುವ ಗಿಡ್ಡ ಪಂಪ್ ಕೋವಿಯನ್ನು ಈ ಸಾರಿ ಪರಾಮರ್ಶಿಸೋಣ.

ಮೊದಲು ಯಂತ್ರದ ಮಾತು. ನಮ್ಮ ಮಲೆನಾಡಿನ ಜೋಡುನಳಿಗೆಯ ಕೋವಿಯನ್ನು ನಡುವೆ ಮುರಿದು ತೋಟಾ ತುಂಬುತ್ತಾರೆ. ಎರಡು ಈಡಾದ ಮೇಲೆ ಮತ್ತೆ ಮುರಿಯಬೇಕು. ಪಂಪ್ ಕೋವಿಯಲ್ಲಿ ಹಾಗಲ್ಲ. ನಳಿಗೆಯ ಕೆಳಗೆ ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಕೊಳವೆಯಿದ್ದು, ತೋಟಾಗಳು ಅದರಲ್ಲಿ ಒಂದರ ಹಿಂದೊಂದು ಮಲಗಿರುವುವು. ಎಡಗೈಯಲ್ಲಿ ಹಿಡಿಯುವ ಜಾರುಹಿಡಿಯನ್ನು ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಕ್ಕೆ ಹಾರುವುದು. ಮುಂದಕ್ಕೆ ತಳ್ಳಿದರೆ ಹೊಸ ತೋಟಾ ನಳಿಗೆಯ ಹಿಂಬದಿಯ ಗೂಡನ್ನು ಸೇರುವುದು. ಈ ಏರ್ಪಾಡನ್ನು ಪ್ರಸಿದ್ಧಿಗೆ ತಂದುದು ಜಾನ್ ಬ್ರೌನಿಂಗ್ ಎಂಬಾತನು ರಚಿಸಿದ 1897ರ ವಿಂಚೆಸ್ಟರ್ ಕೋವಿ. ಒಂದನೆಯ ಮಹಾಯುದ್ಧದಲ್ಲಿ ಅಮೆರಿಕನ್ನರು ಅದನ್ನು ಕಂದಕಗಳಿಗೆ ಒಯ್ದಾಗ, ಇದು ಅಮಾನುಷವೆಂದು 1918ರಲ್ಲಿ ಜರ್ಮನಿಯು ಆಕ್ಷೇಪಿಸಿತು. ವಿಷವಾಯುವನ್ನು ಬಿಟ್ಟವರ ಬಾಯಿಂದ ಬಂದ ಈ ಆಕ್ಷೇಪಣೆಗೆ ಯಾರೂ ಕಿವಿಗೊಡಲಿಲ್ಲವೆಂಬುದು ಬೇರೆ ಮಾತು. ಆಮೇಲೆ 1950ರಲ್ಲಿ ಬಂದ ರೆಮಿಂಗ್ಟನ್ 870, 1961ರಲ್ಲಿ ಬಂದ ಮಾಸ್‌ಬರ್ಗ್ 500, ಇವೆರಡೂ ಒಂದೊಂದು ಕೋಟಿಯ ಲೆಕ್ಕದಲ್ಲಿ ಮಾರಾಟವಾಗಿವೆ. ಬೆಲೆ ಅಗ್ಗ, ರಚನೆ ಸರಳ, ಕೆಡುವುದು ಅಪರೂಪ. ಈ ಮೂರು ಗುಣಗಳನ್ನು ನಾವೂ ಒಪ್ಪತಕ್ಕುದೇ.

ಆದರೆ ಯಂತ್ರವು ಕೆಡದಿದ್ದರೂ ಕೈ ಕೆಡುವುದು. ಹೆದರಿದ ಮನುಷ್ಯನು ಜಾರುಹಿಡಿಯನ್ನು ಪೂರ್ತಿಯಾಗಿ ಎಳೆಯದೆ ಅರ್ಧಕ್ಕೆ ನಿಲ್ಲಿಸಿದರೆ ಸುಟ್ಟ ತೋಟಾ ಹೊರಬೀಳದೆ ಸಿಕ್ಕಿಕೊಳ್ಳುವುದು, ಇಲ್ಲವೆ ಹೊಸ ತೋಟಾ ಗೂಡಿಗೆ ಬಾರದೆ ಕುದುರೆಯನ್ನು ಎಳೆದರೆ ಬರಿಯ ಟಕ್ ಎಂಬ ಶಬ್ದವಾಗುವುದು. ಅಭ್ಯಾಸವಿಲ್ಲದವರ ಕೈಯಲ್ಲಿ ಇದು ಪದೇಪದೇ ನಡೆಯುವ ಸಂಗತಿ. ಕೊಂಡ ದಿನ ನಾಲ್ಕು ಗುಂಡು ಹಾರಿಸಿ, ಆಮೇಲೆ ಮಂಚದಡಿಯಲ್ಲಿ ಮಲಗಿಸಿಟ್ಟ ಕೋವಿಯು ಆಪತ್ಕಾಲದಲ್ಲಿ ಒದಗುವುದೆಂದು ನಂಬುವುದು, ಒಂದು ಸಾರಿ ನೀರಿಗಿಳಿದವನು ಪ್ರವಾಹದಲ್ಲಿ ಈಜುವೆನೆಂದು ನಂಬಿದ ಹಾಗೆ.

ಗಿಡ್ಡದೆಂಬುದರಲ್ಲಿಯೂ ಎರಡು ಜಾತಿಗಳುಂಟು. ಒಂದು, ನಳಿಗೆಯನ್ನು ಹದಿನೆಂಟು ಹದಿನೆಂಟೂವರೆ ಅಂಗುಲಕ್ಕೆ ಇಳಿಸಿ, ಹೆಗಲಿಗೆ ಆನಿಸತಕ್ಕ ಬುಡವನ್ನು ಮಾತ್ರ ಹಾಗೆಯೇ ಉಳಿಸಿಕೊಂಡದ್ದು. ಅಲ್ಲಿಯ 1934ರ ಕಾನೂನಿನಂತೆ ನಳಿಗೆಯು 18 ಅಂಗುಲಕ್ಕಿಂತಲಾಗಲಿ, ಒಟ್ಟು ಉದ್ದವು 26 ಅಂಗುಲಕ್ಕಿಂತಲಾಗಲಿ ಕಡಿಮೆಯಾದರೆ ಸರ್ಕಾರದಲ್ಲಿ ವಿಶೇಷವಾಗಿ ನೋಂದಾಯಿಸಬೇಕು. ಅದಕ್ಕಾಗಿಯೇ ಈ ಹದಿನೆಂಟರ ಅಳತೆ. ಇನ್ನೊಂದು ಜಾತಿಯಲ್ಲಿ ಬುಡವೇ ಇಲ್ಲ, ಹಕ್ಕಿಯ ತಲೆಯಂತೆ ಬಾಗಿದ ಒಂದು ಕೈಹಿಡಿ ಮಾತ್ರವಿರುವುದು. ಮಾಸ್‌ಬರ್ಗ್ ಕಂಪೆನಿಯು 2017ರಲ್ಲಿ ಹೊರತಂದ ಶಾಕ್‌ವೇವ್ ಎಂಬುದು ಇಂಥದು. ನಳಿಗೆ ಕೇವಲ 14 ಅಂಗುಲ. ಒಟ್ಟು ಉದ್ದ 26 ಅಂಗುಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಹೆಗಲ ಬುಡವು ಹುಟ್ಟಿನಿಂದಲೇ ಇಲ್ಲದಿರುವುದರಿಂದ ಕಾನೂನಿನ ವ್ಯಾಖ್ಯಾನದಲ್ಲಿ ಅದು ಆ ಬಗೆಯ ಕೋವಿಯೇ ಅಲ್ಲವೆಂದು ತೀರ್ಮಾನವಾಯಿತು. ವಕೀಲರ ಬುದ್ಧಿಯು ಕಮ್ಮಾರನ ಕುಲುಮೆಯನ್ನು ಹೊಕ್ಕರೆ ಹೀಗೆಲ್ಲ ಆಗುವುದು.

ನೋಡಲು ಅದು ಮುದ್ದಾಗಿದೆ, ಕಪಾಟಿನಲ್ಲಿ ಹಿಡಿಸುವುದು. ಆದರೆ ಮನೆಗೆ ಇದಕ್ಕಿಂತ ಅಯೋಗ್ಯವಾದುದನ್ನು ಆರಿಸುವುದು ಕಷ್ಟ. ಬುಡವನ್ನು ಹೆಗಲಿಗೂ ಕೆನ್ನೆಗೂ ಒತ್ತಿ ಹಿಡಿದಾಗಲೇ ಕಣ್ಣು, ನಳಿಗೆ, ಗುರಿ ಒಂದೇ ಗೆರೆಗೆ ಬರುವುದು. ಒದೆತವನ್ನು ದೇಹವು ತಡೆದುಕೊಳ್ಳುವುದೂ ಆಗಲೇ. ಬುಡವಿಲ್ಲದ ಹಗುರವಾದ ಕೋವಿಯಲ್ಲಿ ಒದೆತವು ಹೆಚ್ಚು, ಅದನ್ನು ತಡೆಯುವುದು ಮಣಿಕಟ್ಟು ಮಾತ್ರ, ಗುರಿಯೋ ದೇವರ ಚಿತ್ತ. ಮಾಸ್‌ಬರ್ಗ್ ಕೋವಿಯ ಸೇಫ್ಟಿ ಗುಂಡಿಯು ಬೆನ್ನಿನ ಮೇಲಿದ್ದು, ಬುಡವಿರುವಾಗ ಹೆಬ್ಬೆರಳಿಗೆ ತಾನಾಗಿ ಸಿಕ್ಕುವುದು. ಪಿಸ್ತೂಲಿನ ಹಿಡಿಯನ್ನು ಕೂಡಿಸಿದ ಮಾದರಿಗಳಲ್ಲಿ ಅದನ್ನು ಮುಟ್ಟಲು ಹಿಡಿತವನ್ನೇ ಸಡಿಲಿಸಬೇಕು. ಗಿಡ್ಡದೇ ಬೇಕೆಂದಿದ್ದರೆ ನಳಿಗೆಗಿಂತ ಬುಡದ ಉದ್ದವನ್ನು ವಿಚಾರಿಸತಕ್ಕುದು. ಕುದುರೆಯಿಂದ ಬುಡದ ತುದಿಯವರೆಗೆ ಸಾಮಾನ್ಯವಾಗಿ 14 ಅಂಗುಲವಿರುವುದು. ನಮ್ಮ ಹೆಂಗಸರಿಗೂ ಸಣ್ಣಾಳುಗಳಿಗೂ ಇದು ಹೆಚ್ಚು. 12 ಅಥವಾ 13 ಅಂಗುಲದ ಬುಡವಿರುವ 20 ನಂಬರಿನ ಕೋವಿಯು ಅಂಥವರಿಗೆ ಒಗ್ಗುವುದು.

ಈ ನಂಬರಿನ ಅರ್ಥವನ್ನು ಕೆಲವರು ಅರಿಯರು. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳಲ್ಲಿ ಹನ್ನೆರಡು ಸೇರಿ ಒಂದು ಪೌಂಡು ತೂಗಿದರೆ ಅದು 12ನೆಯ ನಂಬರು. ಇಪ್ಪತ್ತು ಬೇಕಾದರೆ 20. ಆದುದರಿಂದ ನಂಬರು ಹೆಚ್ಚಿದಷ್ಟೂ ಬಾಯಿ ಕಿರಿದು. ಹನ್ನೆರಡರ ತೋಟಾದಲ್ಲಿ ದೊಡ್ಡ ಚರೆಯಾದರೆ ಎಂಟೊಂಬತ್ತು ಕಾಳು, ಹಕ್ಕಿಯ ಚರೆಯಾದರೆ ನೂರಾರು.

ಚರೆಯು ಕೋಣೆಯ ತುಂಬ ಹರಡುವುದು, ಗುರಿಯೇ ಬೇಡ, ಎತ್ತ ತಿರುಗಿಸಿದರೂ ತಗಲುವುದು ಎಂದು ಹೇಳುವವರುಂಟು. ಇದು ಶುದ್ಧ ಸುಳ್ಳು. ಹತ್ತು ಹದಿನೈದು ಅಡಿಯ ದೂರದಲ್ಲಿ, ಎಂದರೆ ಒಂದು ಪಡಸಾಲೆಯ ಅಳತೆಯಲ್ಲಿ, ದೊಡ್ಡ ಚರೆಯು ಅಂಗೈಯಗಲವನ್ನು ಮೀರಿ ಹರಡುವುದಿಲ್ಲ. ಗುರಿ ತಪ್ಪಿದರೆ ಎಲ್ಲವೂ ಒಟ್ಟಿಗೇ ತಪ್ಪುವುದು. ತಪ್ಪಿದ ಕಾಳು ಎಲ್ಲಿಗೆ ಹೋಗುವುದು? ನಮ್ಮ ಊರಿನ ಇಟ್ಟಿಗೆ, ಜಂಬಿಟ್ಟಿಗೆಯ ಗೋಡೆಗಳ ಮಾತು ಬೇರೆ. ಅಮೆರಿಕಾದ ಮನೆಗಳ ಒಳಗೋಡೆಯೆಂಬುದು ಮರದ ಚೌಕಟ್ಟಿಗೆ ಹೊಡೆದ ಜಿಪ್ಸಂ ಹಲಗೆ. ದೊಡ್ಡ ಚರೆಯು ಇಂಥ ಹಲವು ಗೋಡೆಗಳನ್ನು ತೂರಿಕೊಂಡು ಹೋಗುವುದು. ಆ ಗೋಡೆಗಳಾಚೆ ಮಲಗಿರುವವರು ಯಾರೆಂಬುದನ್ನು ಮನೆಯೊಡೆಯನು ಕೋವಿಯನ್ನು ಕೊಳ್ಳುವ ಮೊದಲೇ ನಡುಮನೆಯಲ್ಲಿ ನಿಂತು ಎಣಿಸಿಕೊಳ್ಳತಕ್ಕುದು.

ಜಾರುಹಿಡಿಯನ್ನು ಎಳೆಯುವ ಕರಕರ ಶಬ್ದಕ್ಕೇ ಕಳ್ಳನು ಓಡುವನೆಂಬ ಇನ್ನೊಂದು ನಂಬಿಕೆಯುಂಟು. ಓಡಲೂಬಹುದು. ಓಡದಿದ್ದರೆ, ನೀವು ಎಲ್ಲಿ ನಿಂತಿರುವಿರೆಂಬುದನ್ನು ಆ ಶಬ್ದವೇ ಅವನಿಗೆ ತಿಳಿಸಿಕೊಟ್ಟಂತಾಗುವುದು. ಮುಚ್ಚಿದ ಕೋಣೆಯಲ್ಲಿ ಒಂದೇ ಈಡಿನ ಶಬ್ದವು ಕಿವಿಗೆ ಶಾಶ್ವತವಾದ ಹಾನಿಯನ್ನು ಮಾಡಬಲ್ಲದು. ಪಕ್ಕದಲ್ಲಿ ಹಸುಗೂಸಿದ್ದರೆ ಅದರ ಕಿವಿಗೂ.

ಇದೆಲ್ಲವೂ ಕಲಿತು ತಿದ್ದಿಕೊಳ್ಳಬಹುದಾದ ವಿಷಯ. ನಿಜವಾದ ಕಷ್ಟವು ಬಾಗಿಲಲ್ಲಿ ನಿಂತಿರುವವರು ಯಾರೆಂಬುದರಲ್ಲಿದೆ. 2013ರ ನವೆಂಬರಿನಲ್ಲಿ ಮಿಶಿಗನ್ ಸಂಸ್ಥಾನದ ಡಿಯರ್‌ಬಾರ್ನ್ ಹೈಟ್ಸ್ ಎಂಬ ಊರಿನಲ್ಲಿ 19 ವರ್ಷದ ಒಬ್ಬ ತರುಣಿಯು ಕಾರಿನ ಅಪಘಾತಕ್ಕೀಡಾಗಿ, ಮತಿ ಸರಿಯಿಲ್ಲದ ಸ್ಥಿತಿಯಲ್ಲಿ ಅಲೆದಾಡಿ, ನಸುಕಿಗೆ ಮುನ್ನ ಅಪರಿಚಿತರೊಬ್ಬರ ಮನೆಯ ಕದವನ್ನು ಬಡಿದಳು. ಒಳಗಿದ್ದಾತನು ನಾವು ಮೇಲೆ ವರ್ಣಿಸಿದ ಜಾತಿಯದೇ ಆದ 12 ನಂಬರಿನ ಪಂಪ್ ಕೋವಿಯನ್ನು ಎತ್ತಿಕೊಂಡು ಒಳಬಾಗಿಲನ್ನು ತೆರೆದು, ಚಿಲಕ ಹಾಕಿದ್ದ ಜಾಲರಿಬಾಗಿಲಿನ ಮೂಲಕವೇ ಹೊಡೆದನು. ಅವಳಲ್ಲಿ ಆಯುಧವೇನೂ ಇರಲಿಲ್ಲ. ಕೋವಿಯಲ್ಲಿ ತೋಟಾ ಇದ್ದುದು ತನಗೆ ತಿಳಿಯದೆಂದು ಅವನು ಮೊದಲು ಹೇಳಿದನು. ಆತ್ಮರಕ್ಷಣೆಗಾಗಿ ಹೊಡೆದೆನೆಂದು ಆಮೇಲೆ ವಾದಿಸಿದನು. 2014ರಲ್ಲಿ ಪಂಚರು ಅವನನ್ನು ಕೊಲೆಯ ಅಪರಾಧಿಯೆಂದು ನಿರ್ಣಯಿಸಿದರು. ಕಡಿಮೆಯೆಂದರೆ 17 ವರ್ಷಗಳ ಸೆರೆಯಾಯಿತು.

ಇದಕ್ಕೂ ಹಿಂದೆ, 1992ರ ಅಕ್ಟೋಬರಿನಲ್ಲಿ, ಲೂಯಿಸಿಯಾನಾದ ಬ್ಯಾಟನ್ ರೂಜ್ ನಗರದಲ್ಲಿ ಜಪಾನಿನಿಂದ ಓದಲು ಬಂದಿದ್ದ 16 ವರ್ಷದ ಹುಡುಗನು ಔತಣದ ಮನೆಯನ್ನು ಹುಡುಕುತ್ತ ತಪ್ಪಾದ ಮನೆಯ ಗಂಟೆಯನ್ನು ಬಾರಿಸಿದನು. ನಿಲ್ಲೆಂದು ಆ ಮನೆಯವನು ಕೂಗಿದ ಇಂಗ್ಲಿಷ್ ಮಾತು ಹುಡುಗನಿಗೆ ಅರ್ಥವಾಗಲಿಲ್ಲವೆಂದು ತೋರುವುದು. ಅವನು ಮುಂದೆ ಬಂದನು, ರಿವಾಲ್ವರಿನ ಗುಂಡಿಗೆ ಬಲಿಯಾದನು. ಹೊಡೆದವನು ಕ್ರಿಮಿನಲ್ ಮೊಕದ್ದಮೆಯಲ್ಲಿ ಬಿಡುಗಡೆ ಹೊಂದಿದನು. ಸಿವಿಲ್ ದಾವೆಯಲ್ಲಿ ಆರೂವರೆ ಲಕ್ಷ ಡಾಲರು ಪರಿಹಾರದ ತೀರ್ಪಾಯಿತು. ಈ ಎರಡನೆಯ ಸಂಗತಿಯನ್ನು ಓದುವಾಗ ನಮ್ಮ ವಾಚಕರಿಗೆ ಬೇರೊಂದು ಚಿತ್ರವು ಕಣ್ಣಿಗೆ ಕಟ್ಟದಿರದು. ಮಗನ ಮನೆಗೆ ಆರು ತಿಂಗಳಿಗೆಂದು ಹೋದ ತಂದೆಯವರು, ಸಂಜೆಯ ಸಂಚಾರ ಮುಗಿಸಿ ಹಿಂದಿರುಗುವಾಗ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಆ ಬೀದಿಯ ಮನೆಗಳಲ್ಲಿ ತಮ್ಮದಾವುದೆಂದು ಅರಿಯದೆ ಪಕ್ಕದ ಮನೆಯ ಮೆಟ್ಟಲು ಹತ್ತುವುದು ಅಪೂರ್ವವೇನಲ್ಲ.

ಅಂಕಿಗಳೂ ಇದನ್ನೇ ಹೇಳುವುವು. ಕ್ಯಾಲಿಫೋರ್ನಿಯಾದ ಒಂದು ಕೋಟಿ ಎಪ್ಪತ್ತು ಲಕ್ಷಕ್ಕೂ ಮಿಕ್ಕ ವಯಸ್ಕರ ದಾಖಲೆಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪಿಸ್ತೂಲಿನ ಒಡೆಯರೊಡನೆ ಒಂದೇ ಸೂರಿನಡಿ ಬಾಳುವವರು ಕೊಲೆಗೀಡಾಗುವ ಪ್ರಮಾಣವು ಇತರರದರ ಎರಡರಷ್ಟಕ್ಕೂ ಹೆಚ್ಚು. ಮನೆಯಲ್ಲಿಯೇ ಜೊತೆಗಾರರ ಗುಂಡಿಗೆ ಬಲಿಯಾಗುವ ಪ್ರಮಾಣವು ಏಳರಷ್ಟು. ಹೀಗೆ ಬಲಿಯಾದವರಲ್ಲಿ ಹೆಚ್ಚಿನವರು ಹೆಂಗಸರು. ಈ ಲೆಕ್ಕವು ಪಿಸ್ತೂಲಿನದೇ ಹೊರತು ಕೋವಿಯದಲ್ಲ. ಆದರೂ ಕೋಪವೂ ಕುಡಿತವೂ ಆಯುಧದ ಉದ್ದವನ್ನು ಅಳೆದು ನೋಡಿ ಬರುವುವಲ್ಲ. ಆ ದೇಶದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮ ಕೈಯಿಂದಲೇ ಸಾಯುವವರು. ಮನೆಯಲ್ಲಿ ಮನಸ್ಸು ಕುಗ್ಗಿದವರು ಯಾರಾದರೂ ಇದ್ದಲ್ಲಿ ಕೋವಿಯ ಮಾತನ್ನೇ ಎತ್ತಕೂಡದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಮೊದಲೇ ಇದ್ದಲ್ಲಿ ಆ ಕಷ್ಟಕಾಲವು ಕಳೆಯುವವರೆಗೆ ಅದು ಮನೆಯಿಂದ ಹೊರಗಿರಲಿ.

ಕಾನೂನಿನ ಒಂದು ಸೂಕ್ಷ್ಮವನ್ನು ಅಲ್ಲಿಯ ನಮ್ಮವರು ಮರೆಯಕೂಡದು. ಮನೆಯೊಳಗೆ ಆತ್ಮರಕ್ಷಣೆಗಾಗಿ ಆಯುಧವನ್ನು ಇಟ್ಟುಕೊಳ್ಳುವ ಹಕ್ಕನ್ನು ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಎತ್ತಿಹಿಡಿದಿರುವುದು ನಿಜ. ಆದರೆ ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದ ಮೇಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಲ್ಲಿಯ ಕೇಂದ್ರ ಕಾನೂನು, ಬೇಟೆಯ ಲೈಸೆನ್ಸು ಮೊದಲಾದ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ನಿಷೇಧಿಸಿದೆ. ಸ್ನೇಹಿತನು ಉಡುಗೊರೆಯಾಗಿ ಕೊಟ್ಟನೆಂದು ಮನೆಗೆ ತಂದಿರಿಸಿದರೂ ಅಪರಾಧವೇ. ಹಸಿರು ಚೀಟಿ ಪಡೆದವರಿಗೆ ಈ ಅಡ್ಡಿಯಿಲ್ಲ.

ನಮ್ಮ ದೇಶದಲ್ಲಿ ಈ ಗಿಡ್ಡ ಕೋವಿಯ ಪ್ರಶ್ನೆಯು ಬಹುಮಟ್ಟಿಗೆ ಏಳುವುದೇ ಇಲ್ಲ. 20 ಅಂಗುಲಕ್ಕಿಂತ ಗಿಡ್ಡವಾದ ನಳಿಗೆಯ ಚರೆಕೋವಿಯನ್ನು ನಮ್ಮ ಆಯುಧ ನಿಯಮಗಳು ನಿರ್ಬಂಧಿತ ವರ್ಗಕ್ಕೆ ಸೇರಿಸಿವೆ. ಉದ್ದನೆಯದಕ್ಕೂ 1959ರ ಆಯುಧ ಶಾಸನದಂತೆ ಲೈಸೆನ್ಸು ಬೇಕು. ಮಲೆನಾಡಿನ ಅಡಕೆ, ಭತ್ತದ ಬೆಳೆಗಾರರು ಹಂದಿ ಮಂಗಗಳ ಕಾಟಕ್ಕೆಂದು ಪಡೆದಿರುವ ಕೋವಿಗಳನ್ನು ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಒಪ್ಪಿಸಬೇಕಾಗುವುದನ್ನೂ, ಆ ದಿನಗಳಲ್ಲಿ ಹಂದಿಗಳಿಗೆ ಸುಗ್ಗಿಯಾಗುವುದನ್ನೂ ಬಲ್ಲವರು ಬಲ್ಲರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿಯುಂಟು. ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿದೆ, ನಮ್ಮ ಉಚ್ಚ ನ್ಯಾಯಾಲಯವೂ 2021ರಲ್ಲಿ ಮಾನ್ಯಮಾಡಿದೆ. ಅಲ್ಲಿ ಕೋವಿಯು ಮನೆಯ ಒಬ್ಬ ಹಿರಿಯನಿದ್ದಂತೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂ ಮುಡಿಸಿ ಪೂಜಿಸುವರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮರಣವಾದರೆ ಎರಡು. ಹುಡುಗರು ಅದನ್ನು ಹಿರಿಯರ ಕಣ್ಣೆದುರಿನಲ್ಲಿ ಮುಟ್ಟಿ ಕಲಿಯುವರೇ ಹೊರತು ಕದ್ದು ನೋಡಿ ಕಲಿಯುವುದಿಲ್ಲ. ಅಂಗಡಿಯಿಂದ ತಂದ ಕೋವಿಯೊಡನೆ ಈ ಸಂಸ್ಕಾರವನ್ನು ಕಟ್ಟಿಕೊಡುವುದಿಲ್ಲವಷ್ಟೆ.

ಕಳ್ಳನು ಬಂದರೆ ಹೊಡೆಯಬಹುದೇ ಎಂಬುದಕ್ಕೆ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉತ್ತರವುಂಟು. ದರೋಡೆ, ರಾತ್ರಿಯಲ್ಲಿ ಮನೆಗೆ ಕನ್ನ, ಮನೆಗೆ ಬೆಂಕಿ ಮೊದಲಾದ ಪ್ರಸಂಗಗಳಲ್ಲಿ ಖಾಸಗಿ ರಕ್ಷಣೆಯ ಹಕ್ಕು ಪ್ರಾಣಹಾನಿಯವರೆಗೂ ಹೋಗಬಲ್ಲದು. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿಗೆ ಅವಕಾಶವಿಲ್ಲ. ಓಡುತ್ತಿರುವವನ ಬೆನ್ನಿಗೆ ಹೊಡೆದವನು ಉತ್ತರ ಹೇಳಬೇಕಾಗುವುದು.

ಇಷ್ಟರ ಮೇಲೆಯೂ ಒಂದನ್ನು ಕೊಳ್ಳುವವರಿಗೆ ನಮ್ಮ ಸಲಹೆ ಹೀಗಿದೆ. ಮೊದಲು ಆ ಹಣದಲ್ಲಿ ಮುಂಬಾಗಿಲಿನ ಚೌಕಟ್ಟನ್ನು ಬಿಗಿಪಡಿಸಿ, ಹೊರಗೆ ಒಳ್ಳೆಯ ದೀಪವನ್ನು ಹಾಕಿಸಿ. ಕೊಳ್ಳುವುದಾದರೆ ಹೆಗಲ ಬುಡವುಳ್ಳದ್ದನ್ನೇ, ಕಡಿಮೆ ಒದೆತದ ತೋಟಾಗಳೊಡನೆ ಕೊಳ್ಳಿ. ದಂಪತಿಗಳಿಬ್ಬರೂ ಕಲಿಯಿರಿ, ಅಥವಾ ಇಬ್ಬರೂ ಬಿಡಿ. ರಾತ್ರಿ ಸದ್ದಾದಾಗ ಕೋಣೆಯಿಂದ ಕೋಣೆಗೆ ಹುಡುಕುತ್ತ ಹೋಗಕೂಡದು. ಮಕ್ಕಳನ್ನು ಒಂದು ಕೋಣೆಗೆ ಸೇರಿಸಿ, ಕದವಿಕ್ಕಿ, ಪೋಲೀಸರಿಗೆ ಟೆಲಿಫೋನು ಮಾಡುವುದೇ ಕ್ರಮ. ಪಂಪ್ ಕೋವಿಗಳ ಸೇಫ್ಟಿ ಗುಂಡಿಯು ಸಾಮಾನ್ಯವಾಗಿ ಕುದುರೆಯನ್ನು ಮಾತ್ರ ತಡೆಯುವುದರಿಂದ, ಗೂಡಿನಲ್ಲಿ ತೋಟಾ ಇದ್ದು ಕೋವಿಯು ಕೆಳಗೆ ಬಿದ್ದರೆ ಸಿಡಿಯುವ ಸಂಭವವುಂಟು. ಗೂಡು ಸದಾ ಖಾಲಿಯಿರಲಿ. ಕೋವಿಗೊಂದು ಕಬ್ಬಿಣದ ಪೆಟ್ಟಿಗೆ, ತೋಟಾಗಳಿಗೆ ಬೇರೆ ಬೀಗ. ಆ ಬೀಗದಕೈಯನ್ನು ದೇವರ ಕೋಣೆಯ ಮೊಳೆಗೆ ತೂಗುಹಾಕತಕ್ಕುದಲ್ಲ. ಮನೆಯಲ್ಲಿ ಬಚ್ಚಿಟ್ಟ ಚಕ್ಕುಲಿ ಎಲ್ಲಿದೆಯೆಂಬುದನ್ನು ಬಲ್ಲ ಮಕ್ಕಳು ಅದನ್ನೂ ಬಲ್ಲರು.