ಒಂದೂವರೆ ಅಡಿಯ ಶಬ್ದಗಳು

ಬಳಕೆಯಲ್ಲಿಲ್ಲದ ಲ್ಯಾಟಿನ್ ಮೂಲದ ಇಂಗ್ಲಿಷ್ ಶಬ್ದಗಳನ್ನು ದಿನಕ್ಕೆ ಇಪ್ಪತ್ತರಂತೆ ಉರು ಹಚ್ಚಿಸುವದನ್ನೇ ನಮ್ಮ ಊರುಗಳ ಕೆಲವು ಮಾಸ್ತರರು ವಿದ್ಯಾದಾನವೆಂದು ತಿಳಿದಿರುವರು. ಈ ಪದ್ಧತಿಯನ್ನು ನಾವು ಖಂಡಿಸುತ್ತೇವೆ. 'ಟರ್ಜಿವರ್ಸೇಶನ್', 'ಪಲ್ಕ್ರಿಟ್ಯೂಡ್' ಎಂದು ತಡೆಯಿಲ್ಲದೆ ಒಪ್ಪಿಸುವ ಹುಡುಗನು ತನ್ನೂರ ಜಾತ್ರೆಯ ವಿಷಯವಾಗಿ ಅದೇ ಭಾಷೆಯಲ್ಲಿ ನಾಲ್ಕು ವಾಕ್ಯ ಬರೆಯಲಾರನು. ಒಪ್ಪಿಸಲಾರದ ಹಳ್ಳಿಯ ಹುಡುಗನಾದರೋ ತಾನು ದಡ್ಡನೆಂದೇ ನಂಬಿ ಹಿಂದಿನ ಬೆಂಚನ್ನು ಸೇರುವನು. ಈ ಎರಡನೆಯವನ ಗತಿಯೇ ನಮ್ಮನ್ನು ಹೆಚ್ಚು ನೋಯಿಸುವದು.

ಈ ಶಬ್ದಾಡಂಬರವನ್ನು ಇಂಗ್ಲಿಷರೇ ಹಾಸ್ಯಮಾಡಿದ್ದನ್ನು ಮಾಸ್ತರರು ಅರಿಯರೇ? 1553ರಲ್ಲಿ ಥಾಮಸ್ ವಿಲ್ಸನ್ನನು ತನ್ನ ವಾಗ್ಮಿತೆಯ ಗ್ರಂಥದಲ್ಲಿ ಲ್ಯಾಟಿನ್ನನ್ನು ತುರುಕಿದ ಪತ್ರವೊಂದನ್ನು ಅಚ್ಚು ಹಾಕಿಸಿ, ಇವು ದೌತಿಯಿಂದ ಹುಟ್ಟಿದ ಶಬ್ದಗಳೆಂದು ಜರೆದನು. 1557ರಲ್ಲಿ ಸರ್ ಜಾನ್ ಚೀಕನು ತಮ್ಮ ನುಡಿಯು ಬೆರಕೆಯಿಲ್ಲದೆ ಶುದ್ಧವಾಗಿರಬೇಕೆಂದು ಬರೆದನು. 1604ರಲ್ಲಿ ರಾಬರ್ಟ್ ಕಾಡ್ರಿಯು ಇಂಥ ಸುಮಾರು 2,500 ಕಠಿನ ಶಬ್ದಗಳಿಗೆ ಕೋಶವನ್ನೇ ರಚಿಸಬೇಕಾಯಿತು. ಇಂಗ್ಲಿಷರಿಗೆ ಇಂಗ್ಲಿಷನ್ನು ತಿಳಿಸುವದಕ್ಕೆ! (ನಮ್ಮ ಮುಳಗುಂದದ ನಯಸೇನನು 1112ರ ಸುಮಾರಿಗೇ ಕನ್ನಡದಲ್ಲಿ ಸಲ್ಲದ ಸಂಸ್ಕೃತವನ್ನು ತುರುಕುವವರನ್ನು ಹಳಿದಿದ್ದನು.)

ನಾವು ಲ್ಯಾಟಿನ್ನಿನ ವೈರಿಗಳಲ್ಲ. ವಿಲ್ಸನ್ನನು ನಗೆಯಾಡಿದ ಆ ಪತ್ರದಲ್ಲಿಯ 'ಸೆಲೆಬ್ರೇಟ್', 'ಫರ್ಟೈಲ್' ಶಬ್ದಗಳು ಇಂದು ಎಲ್ಲರ ಬಾಯಲ್ಲಿವೆ. ಅದೇ ಪತ್ರದ 'ಇಂಜೆಂಟ್' ಸತ್ತುಹೋಯಿತು. ಇದನ್ನು ನಿರ್ಣಯಿಸಿದ್ದು ಬಳಕೆಯೇ ಹೊರತು ಯಾರ ಪಟ್ಟಿಯೂ ಅಲ್ಲ.

ಕಲಿಸಲೇಬೇಕಾದರೆ ಮೂಲವನ್ನು ಹಿಡಿದು ಕಲಿಸಲಿ. ಲ್ಯಾಟಿನ್ನಿನ 'ಪೆಡ್' ಸಂಸ್ಕೃತದ ಪಾದಕ್ಕೆ ದಾಯಾದಿ. 'ಡೆಂಟ್' ದಂತಕ್ಕೆ, 'ಸೆಪ್ಟೆಮ್' ಸಪ್ತಕ್ಕೆ. ಸಂಸ್ಕೃತದ ಈ ಶಬ್ದಗಳು ಕನ್ನಡಕ್ಕೆ ಬಂದು ನಮ್ಮ ಮಕ್ಕಳಿಗೆ ಪರಿಚಿತವಾಗಿಯೇ ಇವೆ. ಪಾದವನ್ನು ಬಲ್ಲ ಹುಡುಗನು 'ಪೆಡಲ್', 'ಪೆಡೆಸ್ಟ್ರಿಯನ್', 'ಸೆಂಟಿಪೀಡ್'ಗಳನ್ನು ತಾನೇ ಬಿಡಿಸುವನು. ಆ ಮೇಲೆ 'ಸೆಸ್ಕ್ವಿಪೆಡೇಲಿಯನ್' ಬಂದರೂ ಅಂಜನು. ಅದರ ಅರ್ಥ ಒಂದೂವರೆ ಅಡಿಯದು. ರೋಮಿನ ಹೊರೇಸ್ ಕವಿಯು ಉದ್ದುದ್ದ ಶಬ್ದಗಳನ್ನು ಹಾಗೆ ಕರೆದಿದ್ದನು. 'ಟರ್ಜಿವರ್ಸೇಶನ್' ಎಂದರೂ ಬೆನ್ನು ತಿರುಗಿಸುವದೇ! ಆದರೆ ಹೀಗೆ ಕಲಿಸಲು ಮಾಸ್ತರರು ರಾತ್ರಿ ಒಂದು ತಾಸು ಓದಬೇಕಾಗುವದು. ಪಟ್ಟಿ ಕೊಟ್ಟು ಬೆತ್ತ ಹಿಡಿಯಲು ಅದು ಬೇಡ.

ಮುಂದಿನ ಸೋಮವಾರ ಹೊಸ ಪಟ್ಟಿಯನ್ನು ಹಲಗೆಯ ಮೇಲೆ ಬರೆಯುವ ಮುನ್ನ, ಅದರಲ್ಲಿಯ ಎಷ್ಟು ಶಬ್ದಗಳನ್ನು ತಾವು ಒಂದು ಪತ್ರದಲ್ಲಾದರೂ ಬಳಸಿರುವಿರೆಂಬದನ್ನು ಈ ಮಹಾಶಯರು ಮಕ್ಕಳ ಎದುರಿಗೇ ಹೇಳಲಿ.