ಕೊನೆಯವನಿಗೂ ಮೈದಾನದಲ್ಲಿ ಜಾಗವಿರಲಿ

ಕ್ರೀಡೆಯೆಂದರೆ ಪದಕ ಎಂಬ ಸಮೀಕರಣ ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಎಷ್ಟು ಬಲವಾಗಿ ಬೇರೂರಿದೆಯೆಂದರೆ, ಪದಕದ ಆಸೆಯಿಲ್ಲದೆ ಆಡುವವರ ಬಗ್ಗೆ ಯೋಚಿಸುವ ಗೋಜಿಗೇ ನಾವು ಹೋಗುವುದಿಲ್ಲ. ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೆ ನಡೆಯುವ ಆತ್ಮಾವಲೋಕನದಲ್ಲಿ ತರಬೇತುದಾರರ ಅಭಾವ, ಅನುದಾನದ ಕೊರತೆ, ಕ್ರೀಡಾ ಸಂಸ್ಥೆಗಳ ರಾಜಕೀಯ ಎಲ್ಲವೂ ಪ್ರಸ್ತಾಪವಾಗುತ್ತವೆ. ವಾರವಿಡೀ ಕಚೇರಿಯಲ್ಲಿ ದುಡಿದು, ಭಾನುವಾರ ಸ್ನೇಹಿತರೊಡನೆ ಬೆವರು ಹರಿಸಬಯಸುವ ನಲವತ್ತರ, ಐವತ್ತರ, ಅರವತ್ತರ ವಯಸ್ಸಿನವರಿಗೆ ನಗರದಲ್ಲಿ ಎಲ್ಲಿ ಜಾಗವಿದೆ ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಈ ಪ್ರಶ್ನೆಗೆ ಒಂದು ಅರ್ಥಪೂರ್ಣ ಉತ್ತರ, ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲದ ಸೈಕ್ಲೋಕ್ರಾಸ್ ಎಂಬ ಆಟದಲ್ಲಿದೆ.

ಸೈಕ್ಲೋಕ್ರಾಸ್ ಎಂದರೆ ಹುಲ್ಲು, ಮರಳು, ಕೆಸರುಗಳ ಮೇಲೆ, ಹೆಚ್ಚಾಗಿ ಚಳಿಗಾಲದಲ್ಲಿ ನಡೆಯುವ ಸೈಕಲ್ ಸ್ಪರ್ಧೆ. ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಕಿ.ಮೀ. ಉದ್ದದ ಸುತ್ತುಹಾದಿ, ನಡುವೆ 40 ಸೆಂ.ಮೀ. ಎತ್ತರದ ಹಲಗೆಯ ತಡೆಗಳು, ಕಡಿದಾದ ದಿಬ್ಬಗಳು, ಕೆಲವೊಮ್ಮೆ ಮೆಟ್ಟಿಲುಗಳು. ಪೆಡಲ್ ತುಳಿಯಲಾಗದ ಕಡೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು. ಈ ಆಟ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದ ಆರಂಭದ ಫ್ರಾನ್ಸ್‌ನಲ್ಲಿ. ಡೇನಿಯಲ್ ಗೂಸೋ ಎಂಬ ಸೈನಿಕ 1902ರಲ್ಲಿ ಅಲ್ಲಿನ ಮೊದಲ ರಾಷ್ಟ್ರೀಯ ಸ್ಪರ್ಧೆಯನ್ನು ಸಂಘಟಿಸಿದನೆಂದು ಚರಿತ್ರೆ ಹೇಳುತ್ತದೆ. 1910ರ ಟೂರ್ ಡಿ ಫ್ರಾನ್ಸ್ ಗೆದ್ದ ಆಕ್ಟೇವ್ ಲಾಪೀಜ್ ತನ್ನ ಯಶಸ್ಸಿಗೆ ಚಳಿಗಾಲದ ಈ ಅಭ್ಯಾಸವೂ ಕಾರಣವೆಂದದ್ದರಿಂದ ಆಟಕ್ಕೆ ಪ್ರಚಾರ ದೊರೆಯಿತು. ಮೊದಲ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯ ಇದನ್ನು ತನ್ನ ಜಾತ್ರೆಯನ್ನಾಗಿಯೇ ಮಾಡಿಕೊಂಡಿದೆ. ಮಹಿಳೆಯರಿಗೆ ಮಾತ್ರ ವಿಶ್ವ ಚಾಂಪಿಯನ್‌ಷಿಪ್‌ನ ಬಾಗಿಲು ತೆರೆದದ್ದು 2000ದಲ್ಲಿ, ಪುರುಷರಿಗಿಂತ ಸರಿಯಾಗಿ ಐವತ್ತು ವರ್ಷ ತಡವಾಗಿ. ಯಾವ ಆಟವೂ ತಾನಾಗಿ ಎಲ್ಲರದಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಈ ಆಟದ ರಚನೆಯಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬನ ಗಮನ ಸೆಳೆಯುವ ಒಂದು ಸೂಕ್ಷ್ಮವಿದೆ. ಮ್ಯಾರಥಾನ್‌ನಲ್ಲಿ ದೂರ ನಿಗದಿಯಾಗಿರುತ್ತದೆ; ವೇಗಿ ಎರಡು ಗಂಟೆಯಲ್ಲಿ ಮುಗಿಸಿ ಮನೆಗೆ ಹೋಗಿರುತ್ತಾನೆ, ನಿಧಾನಿ ಐದನೆಯ ಗಂಟೆಯಲ್ಲಿ ಖಾಲಿ ರಸ್ತೆಯಲ್ಲಿ ಒಬ್ಬನೇ ಓಡುತ್ತಿರುತ್ತಾನೆ. ಸೈಕ್ಲೋಕ್ರಾಸ್‌ನಲ್ಲಿ ನಿಗದಿಯಾಗುವುದು ದೂರವಲ್ಲ, ಕಾಲ. ವೃತ್ತಿಪರ ಪುರುಷರಿಗೆ ಸುಮಾರು ಒಂದು ಗಂಟೆ, ಹವ್ಯಾಸಿಗಳಿಗೆ ಅರ್ಧ ಗಂಟೆ ಅಥವಾ ಮುಕ್ಕಾಲು ಗಂಟೆ. ಮೊದಲ ಸುತ್ತುಗಳ ವೇಗ ನೋಡಿ ಎಷ್ಟು ಸುತ್ತು ನಡೆಯಬೇಕೆಂದು ತೀರ್ಪುಗಾರರು ಲೆಕ್ಕ ಹಾಕುತ್ತಾರೆ. ಮುಂದಿರುವವನು ಗುರಿ ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಉಳಿದವರೂ ತಮ್ಮ ತಮ್ಮ ಸುತ್ತು ಮುಗಿಸಿ ಸೇರಿಕೊಳ್ಳುತ್ತಾರೆ. ವೃತ್ತಿಪರರ ದೊಡ್ಡ ಪಂದ್ಯಗಳಲ್ಲಿ ತೀರ ಹಿಂದೆ ಬಿದ್ದವರನ್ನು ಹೊರಗೆ ಕಳುಹಿಸುವ, ‘ಶೇ 80ರ ನಿಯಮ’ವೆಂದೇ ಹೆಸರಾದ ಕ್ರಮವುಂಟು. ಹವ್ಯಾಸಿಗಳ ಎಷ್ಟೋ ಪಂದ್ಯಗಳಲ್ಲಿ ಅದನ್ನು ಸಡಿಲಿಸಿ, ಒಂದು ಸುತ್ತು ಕಡಿಮೆಯಾದರೂ ಕೊನೆಯವನನ್ನು ಕೊನೆಯವರೆಗೆ ಓಡಗೊಡುತ್ತಾರೆ. ದುರ್ಬಲನಿಗೆ ರಿಯಾಯಿತಿ ತೋರದೆಯೂ ಅವನಿಗೆ ಗೌರವದ ಸ್ಥಾನ ನೀಡುವ ವ್ಯವಸ್ಥೆ ಇದು.

ಮಗಳ ಮನೆಗೆಂದು ಅಮೆರಿಕದ ಒರೆಗಾನ್ ರಾಜ್ಯಕ್ಕೆ ಹೋಗಿದ್ದಾಗ ಅವಳ ಗೆಳೆಯರ ಗುಂಪಿನೊಡನೆ ಇಂಥ ಒಂದು ಶನಿವಾರ, ಭಾನುವಾರವನ್ನು ಕಳೆಯುವ ಅವಕಾಶ ನನಗೆ ದೊರೆಯಿತು. ಬಿಡದೆ ಸುರಿಯುವ ಶರತ್ಕಾಲದ ಜಿಟಿಜಿಟಿ ಮಳೆ. ವಯಸ್ಸು ಮತ್ತು ಅನುಭವಕ್ಕೆ ತಕ್ಕಂತೆ ವಿಂಗಡಿಸಿದ ಪಂದ್ಯಗಳು ಬೆಳಗಿನಿಂದ ಸಂಜೆಯವರೆಗೆ. ಬೆಳಿಗ್ಗೆ ಸ್ಪರ್ಧಿಸಿದ್ದ ಶಾಲಾ ಶಿಕ್ಷಕಿ ಮಧ್ಯಾಹ್ನ ತಿರುವೊಂದರಲ್ಲಿ ನಿಂತು ಮುಂದಿನವರಿಗೆ ದಾರಿ ತೋರುತ್ತಿದ್ದರು. ಗೆಳೆಯನ ಬದಲಿ ಸೈಕಲ್ಲಿನ ಕೆಸರನ್ನು ಇನ್ನೊಬ್ಬ ಗೆಳೆಯ ತೊಳೆದುಕೊಡುತ್ತಿದ್ದ. ಹಸುವಿನ ಕೊರಳ ಗಂಟೆಗಳನ್ನು ಬಾರಿಸಿ ಹುರಿದುಂಬಿಸುವುದು ಯುರೋಪಿನಿಂದ ಅಲ್ಲಿಗೂ ಹೋಗಿರುವ ಸಂಪ್ರದಾಯ. ನನ್ನದೇ ವಯಸ್ಸಿನವರೊಬ್ಬರು ದಿಬ್ಬದಲ್ಲಿ ಜಾರಿ ಬಿದ್ದು, ಎದ್ದು, ಸೈಕಲ್ ತಳ್ಳಿಕೊಂಡು ಹತ್ತುತ್ತಿದ್ದಾಗ ಮೊಳಗಿದಷ್ಟು ಗಂಟೆಗಳು ಗೆದ್ದವನಿಗೂ ಮೊಳಗಲಿಲ್ಲ. ಅವರಿಗೆ ಎಷ್ಟನೆಯ ಸ್ಥಾನ ಬಂತೆಂದು ನಾನು ಕೇಳಿದೆ. ‘ಕಳೆದ ವಾರಕ್ಕಿಂತ ಒಂದು ಸುತ್ತು ಹೆಚ್ಚು’ ಎಂದರು. ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಆದರೆ ಸರಿಯಾದ ಪ್ರಶ್ನೆ ಯಾವುದೆಂದು ಅದು ಹೇಳಿತು.

ಇಂಥ ಕೂಟಗಳ ಹಿಂದಿನ ಆರ್ಥಿಕತೆಯೂ ವಿಶಿಷ್ಟವಾದುದು. ಹಾದಿಗೆ ಪಟ್ಟಿ ಕಟ್ಟುವವರು, ಸುತ್ತು ಎಣಿಸುವವರು, ಸಂಜೆ ಕಸ ಹೆಕ್ಕುವವರು ಬಹುತೇಕ ಸ್ವಯಂಸೇವಕರು. ಅವರ ದುಡಿಮೆ ಯಾವ ರಾಷ್ಟ್ರೀಯ ಉತ್ಪನ್ನದ ಲೆಕ್ಕದಲ್ಲೂ ಸೇರುವುದಿಲ್ಲ. ಆದರೆ ಅವರು ಬಳಸುವ ಪ್ರಮುಖ ಸಂಪನ್ಮೂಲ ಅವರದಲ್ಲ. ಅದು ಸಾರ್ವಜನಿಕ ಉದ್ಯಾನ. ಅಲ್ಲಿ ವಾಯುವಿಹಾರಿಗಳಿಗೆ, ಮಕ್ಕಳಿಗೆ, ಮರಗಳಿಗೆ ಕೂಡ ಹಕ್ಕಿದೆ. ಎಲ್ಲರ ಸ್ವತ್ತು ಯಾರದೂ ಅಲ್ಲವಾಗಿ ಹಾಳಾಗುವುದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಎಚ್ಚರಿಸಿದ್ದರು. ಬಳಸುವವರೇ ಸೇರಿ ನಿಯಮ ರೂಪಿಸಿ, ಮೇಲ್ವಿಚಾರಣೆ ನಡೆಸಿ, ತಪ್ಪಿಗೆ ತಕ್ಕ ದಂಡ ವಿಧಿಸಿಕೊಂಡರೆ ಅದು ಉಳಿಯುತ್ತದೆಂದು ಎಲಿನಾರ್ ಆಸ್ಟ್ರಮ್ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಗೌರವ ಸಂದಿತು.

ಈ ಎರಡು ವಾದಗಳ ಪರೀಕ್ಷೆ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ 2015ರ ಜನವರಿಯಲ್ಲಿ ನಡೆಯಿತು. ಅಲ್ಲಿನ ಜಿಲ್ಕರ್ ಉದ್ಯಾನದಲ್ಲಿ ಅಮೆರಿಕದ ರಾಷ್ಟ್ರೀಯ ಸೈಕ್ಲೋಕ್ರಾಸ್ ಸ್ಪರ್ಧೆಗಳು ನಡೆಯುತ್ತಿದ್ದವು. ಮಳೆಯಿಂದ ನೆಲ ಕೆಸರಾಗಿ, ಪಾರಂಪರಿಕ ಮರಗಳ ಬೇರಿಗೆ ಹಾನಿಯಾದೀತೆಂದು ಉದ್ಯಾನ ಇಲಾಖೆ ಭಾನುವಾರದ ಪಂದ್ಯಗಳನ್ನು ತಡೆಯಿತು. ಬಾಲಕರು, ಹವ್ಯಾಸಿಗಳು, ಅಗ್ರಮಾನ್ಯರು ದೇಶದ ಮೂಲೆಮೂಲೆಗಳಿಂದ ಬಂದಿದ್ದರು. ಮಾತುಕತೆಯ ನಂತರ ಸೋಮವಾರ ಸ್ಪರ್ಧೆಗಳು ಪುನರಾರಂಭಗೊಂಡವು. ಜೆರೆಮಿ ಪವರ್ಸ್ ಮತ್ತು ಕೇಟಿ ಕಾಂಪ್ಟನ್ ಪ್ರಶಸ್ತಿ ಗೆದ್ದರು. ಆದರೆ ರಜೆ ಮುಗಿದವರಿಗೆ, ವಿಮಾನದ ಟಿಕೆಟ್ ಬದಲಿಸಲಾಗದವರಿಗೆ ಸೋಮವಾರದ ಅವಕಾಶ ಅವಕಾಶವೇ ಆಗಿರಲಿಲ್ಲ. ಇದಕ್ಕೆ ಎರಡು ವರ್ಷ ಮೊದಲು, 2013ರಲ್ಲಿ, ಕೆಂಟಕಿಯ ಲೂಯಿವಿಲ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮೊದಲ ಬಾರಿಗೆ ಯುರೋಪಿನ ಹೊರಗೆ ನಡೆದಾಗ ಒಹಾಯೊ ನದಿ ಉಕ್ಕುವ ಮುನ್ಸೂಚನೆಯಿತ್ತು. ಸಂಘಟಕರು ಭಾನುವಾರದ ಪಂದ್ಯಗಳನ್ನು ಶನಿವಾರಕ್ಕೇ ತಂದು ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿದರು.

ಆಸ್ಟಿನ್‌ನ ಅಧಿಕಾರಿಗಳನ್ನು ಆಗ ಅನೇಕರು ನಿಂದಿಸಿದರು. ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳ ಈಚೆ ಬದಿಯಲ್ಲಿ ಕುಳಿತಿದ್ದ ನನಗೆ ಅವರ ಕಾಳಜಿ ತಪ್ಪೆನಿಸುವುದಿಲ್ಲ. ನೂರಾರು ವರ್ಷದ ಮರಕ್ಕೆ ಮುಂದಿನ ಭಾನುವಾರವೆಂಬುದು ಇರುವುದಿಲ್ಲ. ತಪ್ಪಿದ್ದು ನಿರ್ಧಾರದ ಹೊತ್ತು. ಎಷ್ಟು ಮಳೆ ಬಂದರೆ ಪಂದ್ಯ ನಿಲ್ಲಬೇಕು, ಯಾವ ಮರದಿಂದ ಹಾದಿ ಎಷ್ಟು ದೂರವಿರಬೇಕು, ಹಾಳಾದ ಹುಲ್ಲುಹಾಸನ್ನು ಯಾರ ಖರ್ಚಿನಲ್ಲಿ ಸರಿಪಡಿಸಬೇಕು ಎಂಬುದೆಲ್ಲ ಪರವಾನಗಿ ನೀಡುವ ದಿನವೇ ಸ್ಪಷ್ಟವಾಗಿ ಲಿಖಿತವಾಗಿರಬೇಕು. ಇಂಥ ಷರತ್ತು ಸಂಘಟಕನಿಗೆ ಹೊರೆಯಲ್ಲ, ರಕ್ಷಣೆ.

ನಮ್ಮ ಸ್ಥಿತಿ ಇದಕ್ಕಿಂತ ಭಿನ್ನ. ನಮ್ಮಲ್ಲಿ ಷರತ್ತುಗಳಿಗಿಂತ ಫಲಕಗಳು ಹೆಚ್ಚು. ‘ಇಲ್ಲಿ ಆಟವಾಡುವುದನ್ನು ನಿಷೇಧಿಸಿದೆ’ ಎಂದು ಬರೆದರೆ ಆಡಳಿತದ ಹೊಣೆ ಮುಗಿಯಿತು. ಕಾನೂನಿನ ಕೊರತೆ ನಮಗಿಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕ 1985ರಲ್ಲಿ ಕಾಯ್ದೆ ಮಾಡಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ಸಲ್ಲದೆಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪಿತ್ತಿತು. ಆ ತೀರ್ಪು ಜಾಗವನ್ನು ಉಳಿಸಿತು. ಉಳಿದ ಜಾಗವನ್ನು ಹೇಗೆ ಬಳಸಬೇಕೆಂಬುದನ್ನು ನ್ಯಾಯಾಲಯ ಹೇಳಲಾರದು. ಅದು ನಾಗರಿಕರು ಮತ್ತು ಆಡಳಿತ ಕೂಡಿ ಮಾಡಬೇಕಾದ ಕೆಲಸ.

ಹವ್ಯಾಸಿ ಕ್ರೀಡೆ ನಮ್ಮ ಜಾಯಮಾನಕ್ಕೆ ಒಗ್ಗದು ಎನ್ನುವವರು ಕೊಡಗಿನತ್ತ ನೋಡಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಇಂದು ನೂರಾರು ಮನೆತನಗಳ ತಂಡಗಳು ಕಣಕ್ಕಿಳಿಯುತ್ತವೆ. ರಾಷ್ಟ್ರೀಯ ಆಟಗಾರನ ಪಕ್ಕದಲ್ಲಿ ಅವನ ಸೋದರತ್ತೆಯೂ ಕೋಲು ಹಿಡಿಯಬಹುದು. ದೇಶಕ್ಕೆ ಹಾಕಿ ಪಟುಗಳನ್ನು ಸಾಲುಸಾಲಾಗಿ ಕೊಟ್ಟ ನಾಡು ಇದೇ ಎಂಬುದು ಆಕಸ್ಮಿಕವಲ್ಲ. ತಳ ಅಗಲವಾಗಿದ್ದರೆ ಶಿಖರ ತಾನಾಗಿ ಏಳುತ್ತದೆ.

ಕುಡಿಯುವ ನೀರಿಗೆ, ರಸ್ತೆಗುಂಡಿಗೆ ಹಣವಿಲ್ಲದ ನಗರದಲ್ಲಿ ಮಧ್ಯಮ ವರ್ಗದ ವಾರಾಂತ್ಯದ ಹವ್ಯಾಸಕ್ಕೆ ಏಕೆ ತಲೆಕೆಡಿಸಿಕೊಳ್ಳಬೇಕು ಎಂಬ ಆಕ್ಷೇಪ ಸಹಜ. ಸೈಕ್ಲೋಕ್ರಾಸ್‌ನ ಸೈಕಲ್ಲುಗಳ ಬೆಲೆಯೂ ಏರುತ್ತಲೇ ಇದೆ ಎಂಬುದು ನಿಜ. ಆದರೆ ಇಲ್ಲಿ ಕೇಳುತ್ತಿರುವುದು ಹಣವನ್ನಲ್ಲ, ಅನುಮತಿಯನ್ನು. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ನಗರ ಪಾಲಿಕೆಗಳಿವೆ. ಪ್ರತಿಯೊಂದೂ ತನ್ನ ವ್ಯಾಪ್ತಿಯ ಒಂದು ಬಯಲನ್ನು ಗುರುತಿಸಿ, ತಿಂಗಳಿಗೆ ಒಂದು ಭಾನುವಾರ ಹವ್ಯಾಸಿ ಕೂಟಗಳಿಗೆ ಲಿಖಿತ ಷರತ್ತುಗಳ ಮೇಲೆ ಬಿಟ್ಟುಕೊಡಲಿ. ಮರುಪಾವತಿಸುವ ಠೇವಣಿ ಇರಲಿ. ಸ್ಥಳೀಯ ನಿವಾಸಿಗಳ ಪ್ರತಿನಿಧಿ, ತೋಟಗಾರಿಕೆಯ ಅಧಿಕಾರಿ, ಸಂಘಟಕರು ಕೂಡಿ ಮೊದಲೇ ಹಾದಿ ಗೊತ್ತುಪಡಿಸಲಿ. ಸೈಕಲ್ಲೇ ಆಗಬೇಕೆಂದಿಲ್ಲ, ಖೋಖೋ ಆದೀತು, ಕಬಡ್ಡಿ ಆದೀತು, ಬರಿಗಾಲಿನ ಓಟವೂ ಆದೀತು. ನಿಯಮ ಮುರಿದ ಸಂಘಕ್ಕೆ ಮುಂದಿನ ಬಾರಿ ಅವಕಾಶವಿಲ್ಲದಿರಲಿ, ಪಾಲಿಸಿದವರಿಗೆ ಇನ್ನೊಂದು ಭಾನುವಾರ ಸಿಗಲಿ. ಒಂದು ವರ್ಷದ ಪ್ರಯೋಗದ ನಂತರ ಹುಲ್ಲಿನ ಸ್ಥಿತಿಯನ್ನೂ ಜನರ ಸ್ಥಿತಿಯನ್ನೂ ನೋಡಿ ಮುಂದುವರಿಸುವ ನಿರ್ಧಾರ ಮಾಡಬಹುದು. ಅದಕ್ಕೆ ಹೊಸ ಯೋಜನೆಯಾಗಲಿ, ಹೊಸ ಕಾಯ್ದೆಯಾಗಲಿ ಬೇಕಿಲ್ಲ. ಫಲಕವನ್ನು ಕಳಚಿ ಅದರ ಜಾಗದಲ್ಲಿ ಷರತ್ತಿನ ಪಟ್ಟಿಯನ್ನು ತೂಗುಹಾಕುವ ಮನಸ್ಸಿದ್ದರೆ ಸಾಕು.